ಆಟ ಮುಗಿದ ಮೇಲೆ ಸೆಲ್ಲು ಎಲ್ಲಿಗೆ?



ಮಕ್ಕಳು ಕೈಯಲ್ಲಿ ಹಿಡಿದು ಆಡುವ ಪುಟ್ಟ ವಿಡಿಯೋ ಗೇಮಿನ ವಿಚಾರ ಪರಿಸರದ ವೇದಿಕೆಗೆ ಏಕೆ ಎಂದು ಹಿರಿಯರಿಗೆ ಅನ್ನಿಸಬಹುದು. ಅಣೆಕಟ್ಟು, ಗಣಿಗಾರಿಕೆ, ಕಾಡಿನ ನಾಶ ಇವುಗಳ ಮುಂದೆ ಎರಡು ಪೆನ್ಸಿಲ್ ಸೆಲ್ಲು ಯಾವ ಲೆಕ್ಕ? ಆದರೆ ಆಟ ಮುಗಿದ ಮೇಲೆ ಆ ಸೆಲ್ಲುಗಳು ಎಲ್ಲಿಗೆ ಹೋಗುತ್ತವೆ ಎಂದು ಬೆನ್ನು ಹಿಡಿದು ಹೊರಟರೆ ಸಂಗತಿ ಅಷ್ಟು ಸಣ್ಣದಲ್ಲ ಎಂಬುದು ತಿಳಿಯುತ್ತದೆ. ಮೈಸೂರಿನ ಮನೆಯೊಂದರಲ್ಲಿ ಕಸದ ಬುಟ್ಟಿಗೆ ಬಿದ್ದ ಸೆಲ್ಲು ವಿದ್ಯಾರಣ್ಯಪುರಂ ಸೇರಬಹುದು. ಮಲೆನಾಡಿನ ಮನೆಯಲ್ಲಿ ಎಸೆದದ್ದು ಹಿತ್ತಿಲ ಗುಂಡಿಯನ್ನೋ ಅಡಿಕೆ ತೋಟದ ಬಸಿಗಾಲುವೆಯನ್ನೋ ಸೇರುತ್ತದೆ. ಎರಡು ಕಡೆಯೂ ಅದರ ವೆಚ್ಚವನ್ನು ತೆರುವವರು ಆಟವಾಡಿದವರಲ್ಲ.

ವಿದ್ಯಾರಣ್ಯಪುರಂ ಮೈಸೂರಿನ ದಕ್ಷಿಣ ಭಾಗದ ಬಡಾವಣೆ. ಚಾಮುಂಡಿ ಬೆಟ್ಟ ಅಲ್ಲಿಗೆ ಕಣ್ಣಳತೆಯ ದೂರ. ಅಲ್ಲಿನ ಸೂಯೇಜ್ ಫಾರಂಗೆ ನಗರದ ಕೊಳಚೆ ನೀರು ಹರಿದುಬರುತ್ತದೆ. ನಗರದ ಕಸವೂ ದಶಕಗಳ ಕಾಲ ಅಲ್ಲಿಗೇ ಬಂದು ಬಿದ್ದಿದೆ. ಕೊಳಚೆ ನೀರಿನ ಶುದ್ಧೀಕರಣ ಘಟಕವೂ ಕಸದಿಂದ ಗೊಬ್ಬರ ಮಾಡುವ ಘಟಕವೂ ಅಲ್ಲಿಯೇ ಸ್ಥಾಪನೆಯಾದವು. 2015ರ ಆಗಸ್ಟ್‌ನಲ್ಲಿ ಪ್ರಕಟವಾದ 476 ನಗರಗಳ ಸ್ವಚ್ಛತಾ ಪಟ್ಟಿಯಲ್ಲಿ ಮೈಸೂರಿಗೆ ಮೊದಲ ಸ್ಥಾನ ದೊರೆಯಿತು. 2016ರಲ್ಲಿ 73 ನಗರಗಳ ಪಟ್ಟಿಯಲ್ಲಿಯೂ ಅದೇ ಸ್ಥಾನ. ಆ ಹೆಮ್ಮೆ ನ್ಯಾಯವಾದುದೇ. ಆದರೆ ಬೀದಿ ಚೊಕ್ಕಟವಾದಾಗ ಕಸ ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ. ದುರ್ವಾಸನೆ, ನೊಣ, ಹೊಗೆ ಎಂದು ಸುತ್ತಲಿನ ಬಡಾವಣೆಗಳ ಜನ ಮತ್ತೆ ಮತ್ತೆ ದೂರಬೇಕಾಯಿತು. ಹಳೆಯ ರಾಶಿಯನ್ನು ಅಗೆದು, ಜರಡಿ ಹಿಡಿದು ಬೇರ್ಪಡಿಸುವ ಕೆಲಸವನ್ನು ಇತ್ತೀಚಿನ ವರ್ಷಗಳಲ್ಲಿ ಕೈಗೊಳ್ಳಬೇಕಾಯಿತು. ಜರಡಿಯಲ್ಲಿ ಇಡೀ ಸೆಲ್ಲು ಸಿಕ್ಕಿಕೊಂಡೀತು. ಸೆಲ್ಲು ಒಡೆದು ಸೋರಿದ ಪುಡಿ ಸಿಕ್ಕಿಕೊಳ್ಳುವುದಿಲ್ಲ.

ಸೆಲ್ಲಿನೊಳಗೆ ಏನಿದೆ? ಸಾಮಾನ್ಯ ಡ್ರೈಸೆಲ್ಲಿನಲ್ಲಿ ಸತುವಿನ ಡಬ್ಬಿ, ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಇಂಗಾಲದ ಕಪ್ಪು ಪುಡಿ, ನಡುವೆ ಇಂಗಾಲದ ಕಡ್ಡಿ ಇರುತ್ತವೆ. ಆಲ್ಕಲೈನ್ ಸೆಲ್ಲಿನಲ್ಲಿ ಇವೇ ಲೋಹಗಳೊಂದಿಗೆ ಚರ್ಮವನ್ನು ಸುಡುವ ಕ್ಷಾರವಿದೆ. ಹಿಂದೆ ಸೆಲ್ಲು ಬೇಗ ಕೆಡದಿರಲೆಂದು ಪಾದರಸವನ್ನೂ ಸೇರಿಸುತ್ತಿದ್ದರು. ಇಂದಿನ ಒಳ್ಳೆಯ ಸೆಲ್ಲುಗಳಲ್ಲಿ ಅದನ್ನು ಸೇರಿಸುವುದಿಲ್ಲ. ಸತುವಾಗಲಿ ಮ್ಯಾಂಗನೀಸಾಗಲಿ ಪಾದರಸದಂತಹ ಘೋರ ವಿಷವಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಆದರೂ ಇವೆರಡೂ ನೆಲವನ್ನು ಅಗೆದು ತೆಗೆದ ಲೋಹಗಳು. ಕುದುರೆಮುಖದ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತರೂ ಲಕ್ಯಾ ಅಣೆಕಟ್ಟೆಯ ಹಿಂದಿನ ಹೂಳು ಅಲ್ಲಿಯೇ ಇದೆ. ಅಗೆದ ಬೆಟ್ಟ ಮರಳಿ ಬೆಟ್ಟವಾಗದು ಎಂಬುದನ್ನು ಮಲೆನಾಡಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂತಹ ಲೋಹವನ್ನು ಹದಿನೈದು ಗಂಟೆಯ ಆಟಕ್ಕೆ ಬಳಸಿ ಬಿಸಾಡುವುದು ಸರಿಯೇ ಎಂಬುದು ಪ್ರಶ್ನೆ.

ಹದಿನೈದು ಗಂಟೆ ಎಂಬುದು ಊಹೆಯ ಮಾತಲ್ಲ. 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ಗೇಮ್ ಬಾಯ್‌ಗೆ ನಾಲ್ಕು ಪೆನ್ಸಿಲ್ ಸೆಲ್ಲು ಬೇಕಿತ್ತು. 2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಎರಡೇ ಸಾಕಾಯಿತು. ಅವು ಸುಮಾರು 15 ಗಂಟೆ ಬಾಳುತ್ತವೆಂದು ಕಂಪನಿಯೇ ಹೇಳಿತ್ತು. ದಿನಕ್ಕೊಂದು ಗಂಟೆ ಆಡುವ ಮಗು ವರ್ಷಕ್ಕೆ 365 ಗಂಟೆ ಆಡುತ್ತದೆ. ಅಂದರೆ 24 ಜೊತೆ, ಸುಮಾರು 48 ಸೆಲ್ಲು. ಜಾತ್ರೆಯ ಅಂಗಡಿಗಳಲ್ಲಿ ಕೊಳ್ಳುತ್ತಿದ್ದ, ಇಟ್ಟಿಗೆ ಜೋಡಿಸುವ ಆಟದ ಯಂತ್ರಕ್ಕೂ ಪೆನ್ಸಿಲ್ ಸೆಲ್ಲೇ ಆಹಾರ. ಒಂದು ಊರಿನಲ್ಲಿ ಇಪ್ಪತ್ತು ಮಕ್ಕಳು ಹೀಗೆ ಆಡಿದರೆ ವರ್ಷಕ್ಕೆ ಒಂಬೈನೂರಕ್ಕೂ ಹೆಚ್ಚು ಸೆಲ್ಲುಗಳು ಆ ಊರಿನ ಮಣ್ಣಿಗೆ ಬೀಳುತ್ತವೆ.

ಇದಕ್ಕೆ ಪರಿಹಾರ ರೀಚಾರ್ಜ್ ಮಾಡುವ ಸೆಲ್ಲು. ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಮತ್ತು ಒಂದು ಚಾರ್ಜರ್ ಇದ್ದರೆ ಎರಡು ಯಂತ್ರದಲ್ಲಿರುತ್ತವೆ, ಎರಡು ಚಾರ್ಜ್ ಆಗುತ್ತಿರುತ್ತವೆ. ಚೆನ್ನಾಗಿ ನೋಡಿಕೊಂಡರೆ ಒಂದೊಂದನ್ನೂ ನೂರಾರು ಸಲ ತುಂಬಬಹುದು. ಕರೆಂಟಿನ ಖರ್ಚು ಎಷ್ಟು? 2000 ಮಿಲಿಆಂಪಿಯರ್ ಗಂಟೆಯ ಸೆಲ್ಲಿನಲ್ಲಿ ಹಿಡಿಯುವುದು ಸುಮಾರು 2.4 ವಾಟ್ ಗಂಟೆಯಷ್ಟು ಶಕ್ತಿ. ಚಾರ್ಜರಿನಲ್ಲಿ ಪೋಲಾಗುವುದನ್ನೂ ಸೇರಿಸಿ ನಾಲ್ಕು ಎಂದು ಹಿಡಿದರೂ ಒಂದು ಯೂನಿಟ್ ವಿದ್ಯುತ್ತಿನಲ್ಲಿ 250 ಸೆಲ್ಲು ತುಂಬುತ್ತವೆ. ಹಳ್ಳದ ನೀರಿನಿಂದ ಮನೆಯಲ್ಲಿಯೇ ಕರೆಂಟು ಮಾಡಿಕೊಂಡಿರುವ ಮಲೆನಾಡಿನ ಕುಟುಂಬಗಳಿಗೆ ಮಳೆಗಾಲದಲ್ಲಿ ಅದೂ ಭಾರವಲ್ಲ.

ಡ್ರೈಸೆಲ್ಲಿನ ಒತ್ತಡ 1.5 ವೋಲ್ಟ್, ಇದರದು 1.2 ವೋಲ್ಟ್, ಹಾಗಿರುವಾಗ ಯಂತ್ರ ನಡೆದೀತೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಾಮಾನ್ಯವಾಗಿ ನಡೆಯುತ್ತದೆ. ಡ್ರೈಸೆಲ್ಲಿನ ವೋಲ್ಟೇಜು ಬಳಸಿದಂತೆ ಇಳಿಯುತ್ತಾ ಹೋಗಿ ಒಂದು ವೋಲ್ಟಿನ ಹತ್ತಿರ ಬರುತ್ತದೆ. ಯಂತ್ರವನ್ನು ಆ ಇಳಿತಕ್ಕೆ ಹೊಂದುವಂತೆಯೇ ರೂಪಿಸಿರುತ್ತಾರೆ. ರೀಚಾರ್ಜ್ ಸೆಲ್ಲು 1.2 ವೋಲ್ಟಿನಲ್ಲಿಯೇ ಬಹುಕಾಲ ನಿಂತು ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಆದುದರಿಂದ ಎಚ್ಚರಿಕೆಯ ಕೆಂಪು ದೀಪ ಹೊತ್ತಿದ ಮೇಲೆ ಹೆಚ್ಚು ಸಮಯ ಸಿಗದು. ಆಟವನ್ನು ಆಗಲೇ ಉಳಿಸಿಡಬೇಕು. ಹೊಸದು ಹಳೆಯದು, ಡ್ರೈಸೆಲ್ಲು ರೀಚಾರ್ಜ್ ಸೆಲ್ಲು ಒಟ್ಟಿಗೆ ಹಾಕಬಾರದು. ಡ್ರೈಸೆಲ್ಲನ್ನು ಚಾರ್ಜರಿಗೆ ಹಾಕಲೇಬಾರದು, ಸೋರುತ್ತದೆ, ಸಿಡಿಯಲೂಬಹುದು. ಗೋಡೆ ಗಡಿಯಾರ, ಟಿವಿ ರಿಮೋಟುಗಳಲ್ಲಿ ಒಂದು ಸೆಲ್ಲು ವರ್ಷವಿಡೀ ಬಾಳುವುದರಿಂದ ಅಲ್ಲಿ ರೀಚಾರ್ಜ್ ಸೆಲ್ಲಿನಿಂದ ದೊಡ್ಡ ಉಳಿತಾಯವಿಲ್ಲ. ಕತ್ತಲಲ್ಲಿ ತೋಟಕ್ಕೆ ಹೋಗುವ ಟಾರ್ಚಿಗೆ ಇಟ್ಟಲ್ಲಿಯೇ ಬೇಗ ಖಾಲಿಯಾಗದ ಬಗೆ ಬೇಕು. ಅಂತಹ ಸೆಲ್ಲನ್ನು ಜಪಾನಿನ ಸ್ಯಾನ್ಯೋ ಕಂಪನಿ 2005ರಲ್ಲಿ ಮಾರುಕಟ್ಟೆಗೆ ತಂದಿತು. ಈಗ ಅನೇಕ ಕಂಪನಿಗಳು ಮಾಡುತ್ತವೆ.

ರೀಚಾರ್ಜ್ ಸೆಲ್ಲುಗಳೆಲ್ಲ ಸಾಧುಗಳೂ ಅಲ್ಲ. ಹಳೆಯ ನಿಕಲ್ ಕ್ಯಾಡ್ಮಿಯಂ ಸೆಲ್ಲಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಜಪಾನಿನ ತೊಯಾಮಾ ಪ್ರಾಂತ್ಯದಲ್ಲಿ ಜಿಂಜು ಎಂಬ ನದಿಯಿದೆ. ಮೇಲಿನ ಬೆಟ್ಟಸೀಮೆಯ ಕಮಿಯೋಕಾ ಗಣಿಯಿಂದ ಕ್ಯಾಡ್ಮಿಯಂ ಆ ನದಿಗೆ ಇಳಿಯಿತು. ಕೆಳಗಿನ ಗದ್ದೆಗಳಿಗೆ ಹರಿದು ಅಕ್ಕಿಯನ್ನು ಸೇರಿತು. ಉಂಡವರ ಮೂತ್ರಪಿಂಡ ಕೆಟ್ಟಿತು, ಮೂಳೆ ಮೆದುವಾಯಿತು. ನೋವಿನಿಂದ ಜನ ಕೂಗಿದ ಕೂಗೇ ಆ ಕಾಯಿಲೆಯ ಹೆಸರಾಗಿ ಇತಾಯ್ ಇತಾಯ್ ಎಂದಾಯಿತು. ಅದು ಕ್ಯಾಡ್ಮಿಯಂನಿಂದ ಬಂದುದೆಂದು 1968ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಕೊಂಡಿತು. ಅಲ್ಲಿ ಕೆಡಿಸಿದ್ದು ಗಣಿ, ಸೆಲ್ಲಲ್ಲ. ಆದರೆ ಲೋಹ ಅದೇ. ಭಾರತದ ರಸಗೊಬ್ಬರ ನಿಯಂತ್ರಣ ಆದೇಶದಂತೆ ನಗರದ ಕಸದಿಂದ ಮಾಡಿದ ಗೊಬ್ಬರದಲ್ಲಿ ಕಿಲೋಗೆ 5 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಇರಕೂಡದು. ಒಂದು ಹಳೆಯ ಕ್ಯಾಡ್ಮಿಯಂ ಸೆಲ್ಲಿನಲ್ಲಿ ಎರಡೇ ಗ್ರಾಂ ಇದೆಯೆಂದು ಹಿಡಿದರೂ ಅದು 400 ಕಿಲೋ ಗೊಬ್ಬರವನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಗೊಬ್ಬರದ ಘಟಕಕ್ಕೆ ಹೋಗುವ ಕಸದಲ್ಲಿ ಅಂತಹ ಒಂದು ಸೆಲ್ಲು ಬಿದ್ದರೆ ಏನಾದೀತು ಎಂಬುದನ್ನು ಇದರಿಂದಲೇ ಊಹಿಸಬಹುದು. ಕೊಳ್ಳುವಾಗ ಮೆಟಲ್ ಹೈಡ್ರೈಡ್ ಎಂದು ಕೇಳಿ ಕೊಳ್ಳಿ.

ಮನೆಯಲ್ಲಿಯೇ ಕುಳಿತು ಆಡುವವರಿಗೆ ಅಡಾಪ್ಟರ್ ಇದೆ. ಹಳಬರು ರೇಡಿಯೋಗೆ ಹಾಕುತ್ತಿದ್ದ ಎಲಿಮಿನೇಟರ್ ಇದರ ಅಣ್ಣ. ಪಿನ್ನು ಕೂಡಿಕೊಂಡಿತೆಂದು ಚುಚ್ಚಿಬಿಡಬಾರದು. ನಾಲ್ಕು ಸಂಗತಿ ನೋಡಬೇಕು. ವೋಲ್ಟೇಜು ಯಂತ್ರದ ಮೇಲೆ ಬರೆದಷ್ಟೇ ಇರಬೇಕು: ನಾಲ್ಕು ಸೆಲ್ಲಿನ ಮೊದಲ ಗೇಮ್ ಬಾಯ್‌ಗೆ 6 ವೋಲ್ಟ್, ಎರಡು ಸೆಲ್ಲಿನವಕ್ಕೆ 3 ವೋಲ್ಟ್. ಅಡಾಪ್ಟರಿನಿಂದ ಬರುವುದು ಡಿಸಿ ಆಗಿರಬೇಕು. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಎಂಬುದು ಯಂತ್ರದ ಗುರುತಿಗೆ ಹೊಂದಬೇಕು. ಮಿಲಿಆಂಪಿಯರ್ ಯಂತ್ರ ಕೇಳುವುದಕ್ಕಿಂತ ಕಡಿಮೆ ಇರಬಾರದು, ಹೆಚ್ಚಿದ್ದರೆ ಬಾಧಕವಿಲ್ಲ. ಅಗ್ಗದ ಎಲಿಮಿನೇಟರು ತನ್ನ ಮೇಲೆ ಬರೆದಿರುವುದಕ್ಕಿಂತ ಹೆಚ್ಚು ವೋಲ್ಟೇಜು ಕೊಡುವುದುಂಟು. ಅಡಾಪ್ಟರ್ ಚುಚ್ಚಿದರೆ ಒಳಗಿನ ಸೆಲ್ಲು ತಾನಾಗಿ ಚಾರ್ಜ್ ಆಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪೆನ್ಸಿಲ್ ಸೆಲ್ಲಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಹಾಗಾಗದು. ಆಟ ಮುಗಿದೊಡನೆ ಗೋಡೆಯ ಸ್ವಿಚ್ಚು ಆರಿಸಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ಚು ಆರಿಸಿದರೂ ಸಾಲದು. ಮೋಡ ಗುಡುಗುವ ಮೊದಲೇ ಪ್ಲಗ್ಗು ಕಿತ್ತಿಡಬೇಕು.

ಈಚಿನ ಯಂತ್ರಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ನಾನೂರು ಆಟ ಎಂದು ಮಾರುವ ಅಗ್ಗದ ಯಂತ್ರಗಳಲ್ಲಿ ಹಲವಕ್ಕೆ ಬಿಎಲ್-5ಸಿ ಎಂಬ ಬ್ಯಾಟರಿ. ನೋಕಿಯಾ 1100 ಮೊಬೈಲಿನಲ್ಲಿ ಅದನ್ನು ಕಂಡವರು ಇಲ್ಲಿ ಅನೇಕರಿದ್ದಾರೆ. 2007ರ ಆಗಸ್ಟ್‌ನಲ್ಲಿ ನೋಕಿಯಾ ಆ ಬಗೆಯ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದೆಂದು ಎಚ್ಚರಿಸಿ, ಬದಲಿ ಕೊಡಲು ಮುಂದಾಯಿತು. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಚುಚ್ಚಬಾರದು, ಬಚ್ಚಲ ಒಲೆಗೆ ಹಾಕಬಾರದು. ಕಸದ ಗಾಡಿಯಲ್ಲಿ ಅದು ಜಜ್ಜಿದರೆ ಬೆಂಕಿ ಏಳುತ್ತದೆ, ಆ ಬೆಂಕಿಯ ಪಕ್ಕದಲ್ಲಿರುವವರು ಪೌರಕಾರ್ಮಿಕರು. ಬ್ಯಾಟರಿ ಬದಲಿಸಲು ಬರುವ ಯಂತ್ರವನ್ನೇ ಕೊಳ್ಳುವುದು ಜಾಣತನ. ಚಾರ್ಜರಿನ ವಿಷಯದಲ್ಲಿ ಯೂರೋಪ್ ಒಕ್ಕೂಟ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ: 2024ರ ಡಿಸೆಂಬರ್ 28ರಿಂದ ಅಲ್ಲಿ ಹೊಸದಾಗಿ ಮಾರುವ ಮೊಬೈಲುಗಳಿಗೂ ಕೈಯಾಟದ ಯಂತ್ರಗಳಿಗೂ ಒಂದೇ ಬಗೆಯ ಯುಎಸ್‌ಬಿ-ಸಿ ಕಿಂಡಿ ಕಡ್ಡಾಯ.

ಕಾನೂನು ಏನು ಹೇಳುತ್ತದೆ? ಭಾರತದ 2001ರ ಬ್ಯಾಟರಿ ನಿಯಮಗಳು ವಾಹನದಂತಹ ಸೀಸದ ಬ್ಯಾಟರಿಗಳಿಗೆ ಮಾತ್ರ ಸಂಬಂಧಿಸಿದ್ದವು; ಪೆನ್ಸಿಲ್ ಸೆಲ್ಲನ್ನು ಕೇಳುವವರಿರಲಿಲ್ಲ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡವು. ಬಳಸಿದ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಿಸಿ ಮಾರುವ ಕಂಪನಿಯದು. ನೆಲದಲ್ಲಿ ಹೂಳುವುದಕ್ಕೂ ಸುಡುವುದಕ್ಕೂ ನಿಷೇಧವಿದೆ. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನ ಹೆಸರೇ ಇದೆ. ಆದರೆ ಕೊಡುವವರು ಒಟ್ಟಾಗಿ ಕೊಡದಿದ್ದರೆ ನಿಯಮ ಕಾಗದದಲ್ಲಿಯೇ ಉಳಿಯುತ್ತದೆ. ಒಂದು ಸೆಲ್ಲಿಗಾಗಿ ಯಾವ ಕಂಪನಿಯ ಗಾಡಿಯೂ ಘಟ್ಟ ಹತ್ತಿ ಬರುವುದಿಲ್ಲ.

ಆದುದರಿಂದ ಪ್ರತಿ ಶಾಲೆಯಲ್ಲಿ, ಪ್ರತಿ ಹಾಲಿನ ಡೇರಿಯಲ್ಲಿ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಇಡಬಹುದು. ಸತ್ತ ಸೆಲ್ಲುಗಳು ಅದರೊಳಗೆ, ಒಣಗಿದ ಜಾಗದಲ್ಲಿ ಇರಲಿ. ಲಿಥಿಯಂ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ ಬೇರೆಯಾಗಿ ಇಡಬೇಕು. ಎಷ್ಟು ಸೇರಿತೆಂದು ಮಕ್ಕಳೇ ತಿಂಗಳಿಗೊಮ್ಮೆ ಎಣಿಸಿ ಪುಸ್ತಕದಲ್ಲಿ ಬರೆಯಲಿ. ಡಬ್ಬಿ ತುಂಬಿದಾಗ ಊರಿನ ಹೆಸರಿನಲ್ಲಿ ಪಂಚಾಯಿತಿಗೆ ಅರ್ಜಿ ಕೊಟ್ಟು, ಪರವಾನಗಿ ಇರುವ ಸಂಗ್ರಾಹಕರಿಗೆ ಒಪ್ಪಿಸುವಂತೆ ಕೇಳಬಹುದು. ಕೈಯಲ್ಲಿ ಲೆಕ್ಕವಿದ್ದಾಗ ಅರ್ಜಿಯ ಮಾತಿಗೆ ತೂಕ ಬರುತ್ತದೆ.

ಮಗುವಿನ ಆಟವನ್ನು ಕಸಿಯಬೇಕೆಂದು ಯಾರೂ ಹೇಳುತ್ತಿಲ್ಲ. ಆ ಆಟದ ಬೆಲೆಯನ್ನು ವಿದ್ಯಾರಣ್ಯಪುರಂನ ಮಗುವೊಂದು ದುರ್ವಾಸನೆಯಲ್ಲಿ, ಹಳ್ಳದ ಕೆಳಗಿನ ಗದ್ದೆಯವರು ನೀರಿನಲ್ಲಿ ತೆರಬಾರದು ಎಂಬುದಷ್ಟೇ ಕೋರಿಕೆ. ನಾಲ್ಕು ಸೆಲ್ಲು, ಒಂದು ಚಾರ್ಜರ್, ಒಂದು ಡಬ್ಬಿ. ಇಷ್ಟರಿಂದ ಆರಂಭಿಸಬಹುದು.