ಇಲಿಗೆ ಹಿಡಿದ ಮದ್ದು
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷೆ ಕಲಿಸುವವನು, ವೈದ್ಯನಲ್ಲ. ಈ ವಿಷಯದ ಬೆನ್ನು ಹತ್ತಿಸಿದವನು ನಮ್ಮ ಬಿ.ಜಿ. ಕೆರೆಯ ನನ್ನ ವಿದ್ಯಾರ್ಥಿ. ನೀರಿನಲ್ಲಿ ನಡೆಯುವವನಂತೆ ಕಾಲು ಎತ್ತೆತ್ತಿ ಇಡುತ್ತಿದ್ದ, ಸಮನೆಲದಲ್ಲೂ ಎಡವುತ್ತಿದ್ದ. ಮನೆಯವರು 'ಕಮ್ಜೋರಿ' ಎಂದರು. ನಾನು ಸೋಮಾರಿಯೆಂದು ಗದರಿದೆ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೊತ್ತಾಯಿತು, ಅದು ವಂಶದಿಂದ ಬಂದ ನರರೋಗ. ತಂದೆಯ ಪಾದವೂ ಕಮಾನಿನಂತೆ ಬಾಗಿತ್ತು, ಯಾರೂ ಗಮನಿಸಿರಲಿಲ್ಲ.

1886ರಲ್ಲಿ ಇದನ್ನು ವಿವರಿಸಿದ ಮೂವರು ವೈದ್ಯರ ಹೆಸರಿನಿಂದ ಇದಕ್ಕೆ ಶಾರ್ಕೋ-ಮರಿ-ಟೂತ್ ರೋಗ ಎನ್ನುತ್ತಾರೆ. ಬೋರ್‌ವೆಲ್ ಮೋಟಾರಿನ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇದ್ದಂತೆ ನರಗಳಿಗೆ ಮೈಲಿನ್ ಎಂಬ ಹೊದಿಕೆಯಿದೆ. ಅದು ಕೆಟ್ಟರೆ ಸಂದೇಶ ನಿಧಾನವಾಗುತ್ತದೆ. ಕ್ರಮೇಣ ನರವೂ ಸವೆಯುತ್ತದೆ. ದೂರದ ಪಾದಗಳೇ ಮೊದಲು ಸೋಲುತ್ತವೆ. ಹೆಚ್ಚಾಗಿ ಕಾಣುವ ಬಗೆಯಲ್ಲಿ ಪಿ.ಎಂ.ಪಿ.-22 ಎಂಬ ಜೀನ್ ಒಂದು ಪ್ರತಿ ಹೆಚ್ಚಿಗೆ ಇರುತ್ತದೆ. ತಂದೆ ಅಥವಾ ತಾಯಿ, ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದಕ್ಕೆ ತಾಯಿಯನ್ನು ದೂರುವ ನಮ್ಮ ಹಳೆಯ ಚಾಳಿ ಶುದ್ಧ ಅನ್ಯಾಯ.

ಒಂದು ದಿನ ಹುಡುಗನ ತಂದೆ ಕೇಳಿದರು: "ಮಾಸ್ಟರ್ ಸಾಬ್, ವಿಟಮಿನ್ ಸಿ ಕೊಟ್ಟರೆ ಇಲಿಗಳು ಸರಿಯಾಗಿ ನಡೆದವಂತೆ, ನಮ್ಮ ಹುಡುಗನಿಗೂ ಕೊಡೋಣವೇ?"

ಇಲಿಗಳ ಮಾತು ನಿಜ. ಮನುಷ್ಯನ ಆ ಜೀನಿನ ಹೆಚ್ಚುವರಿ ಪ್ರತಿಗಳನ್ನು ಸೇರಿಸಿ ಬೆಳೆಸಿದ ಇಲಿಗಳಿಗೆ ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ವಿಟಮಿನ್ ಸಿ ಕೊಟ್ಟರು. ಅವು ಮದ್ದಿಲ್ಲದ ಇಲಿಗಳಿಗಿಂತ ಚೆನ್ನಾಗಿ ನಡೆದವು, ಹೆಚ್ಚು ಕಾಲ ಬದುಕಿದವು. ನರದ ಹೊದಿಕೆಯೂ ಸುಧಾರಿಸಿತು. ಅದು ಪ್ರಕಟವಾದದ್ದು 2004ರಲ್ಲಿ. ಎಲ್ಲೆಡೆ ಆಸೆ ಚಿಗುರಿತು. ಆಮೇಲೆ ಇಟಲಿ ಮತ್ತು ಬ್ರಿಟನ್ನಿನಲ್ಲಿ 271 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ ಒಂದೂವರೆ ಗ್ರಾಂ ವಿಟಮಿನ್ ಸಿ, ಇನ್ನೊಂದಕ್ಕೆ ಮದ್ದೇ ಇಲ್ಲದ ಮಾತ್ರೆ, ಎರಡು ವರ್ಷ ಕೊಟ್ಟರು. 2011ರಲ್ಲಿ ಫಲಿತಾಂಶ ಬಂತು: ಎರಡು ಗುಂಪಿಗೂ ವ್ಯತ್ಯಾಸವಿಲ್ಲ. ಅಂದಹಾಗೆ, ಇಲಿಯ ದೇಹ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ, ನಮ್ಮದಕ್ಕೆ ಆಗದು. ಅರಿಸಿನದ ಸಾರವೂ 2007ರಲ್ಲಿ ಇದೇ ರೋಗದ 'ನಡುಗುವ ಇಲಿ'ಗಳಿಗೆ ಹಿಡಿಸಿತ್ತು. ಹಾಗೆಂದು ಅರಿಸಿನದ ಡಬ್ಬಿ ಮಾರುವವರಿಗೆ ದುಡ್ಡು ಸುರಿಯಬೇಡಿ.

ರೋಗವನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಇದನ್ನು ಆ ತಂದೆಗೆ ಹೇಳುವುದು ನನಗೆ ಸುಲಭವಾಗಲಿಲ್ಲ. ವ್ಯಾಯಾಮ, ಪಾದ ಜೋತು ಬೀಳದಂತೆ ಹಿಡಿಯುವ ಪಟ್ಟಿ, ಸರಿಯಾದ ಬೂಟು, ಇಷ್ಟರಿಂದಲೇ ಹುಡುಗ ಈಗ ಕಡಿಮೆ ಬೀಳುತ್ತಾನೆ. ಬೆರಳು ಸೋಲುವುದರಿಂದ ಕಿರುಪರೀಕ್ಷೆಯಲ್ಲಿ ಅವನಿಗೆ ಹೆಚ್ಚು ಸಮಯ ಕೊಡುತ್ತೇನೆ. ಅವನ ತಂಗಿಯೂ ಇತ್ತೀಚೆಗೆ ಎಡವುತ್ತಿದ್ದಾಳಂತೆ. ಈ ರಜೆಯಲ್ಲಿ ಅವಳನ್ನೂ ಬೆಂಗಳೂರಿಗೆ ಕರೆದೊಯ್ಯಲು ತಂದೆ ಒಪ್ಪಿದ್ದಾರೆ.