ಒಂದು ಕ್ರೈಸ್ತಗೀತೆಯ ಕಥೆ

ನಮ್ಮ ಹಿರಿಯರು ಕಾಗದ ಬರೆಯುವಾಗ ಮೊದಲ ಪಂಕ್ತಿಯಲ್ಲಿಯೇ 'ಇಲ್ಲಿ ಎಲ್ಲರೂ ಕ್ಷೇಮ' ಎಂದು ತಿಳಿಸಿ, 'ನಿಮ್ಮ ಕ್ಷೇಮಸಮಾಚಾರಕ್ಕೆ ಬರೆಯುತ್ತಿರಬೇಕು' ಎಂದು ಕೇಳಿಕೊಳ್ಳುತ್ತಿದ್ದರು. ಮನೆಯಲ್ಲಿ ಕಾಯಿಲೆಯಿರಲಿ, ಸಾಲವಿರಲಿ, ಆ ಪಂಕ್ತಿ ಮಾತ್ರ ತಪ್ಪುತ್ತಿರಲಿಲ್ಲ. ಕಷ್ಟದ ಸುದ್ದಿ ಅದರ ಕೆಳಗೆ ಬರುತ್ತಿದ್ದಿತು. ಆದರೂ ಮೊದಲ ಮಾತನ್ನು ಯಾರೂ ಸುಳ್ಳೆಂದು ಎಣಿಸುತ್ತಿರಲಿಲ್ಲ. ಹೀಗೆ ದುಃಖದ ನಡುವೆ ನಿಂತು ಕ್ಷೇಮವೆಂದು ನುಡಿಯುವ ಹಾಡೊಂದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹುಟ್ಟಿತು. 'ಇಟ್ ಈಸ್ ವೆಲ್ ವಿತ್ ಮೈ ಸೋಲ್' ಎಂಬುದು ಅದರ ಹೆಸರು; 'ನನ್ನ ಆತ್ಮಕ್ಕೆ ಕ್ಷೇಮ' ಎಂದು ಅದರ ಅರ್ಥ. ಪದಗಳನ್ನು ಬರೆದವನು ಹೊರೇಷಿಯೋ ಸ್ಪ್ಯಾಫರ್ಡ್. ಧಾಟಿಯನ್ನು ಕಟ್ಟಿದವನು ಫಿಲಿಪ್ ಬ್ಲಿಸ್.

ಸ್ಪ್ಯಾಫರ್ಡನು ಚಿಕಾಗೋ ನಗರದ ವಕೀಲ, ದೈವಭಕ್ತ. 1871ರಲ್ಲಿ ಆ ನಗರವನ್ನು ಸುಟ್ಟ ಮಹಾಗ್ನಿಯಿಂದ, ಭೂಮಿಯ ಮೇಲೆ ಹಣ ಹೂಡಿದ್ದ ಅವನಿಗೆ ಬಹಳ ನಷ್ಟವಾಯಿತು. ಎರಡು ವರ್ಷಗಳ ಅನಂತರ ಅವನ ಹೆಂಡತಿ ಆನಾ ನಾಲ್ವರು ಹೆಣ್ಣುಮಕ್ಕಳೊಡನೆ ಯೂರೋಪಿಗೆ ಹೊರಟಳು. ಕೆಲಸದ ನಿಮಿತ್ತ ಅವನು ಹಿಂದೆ ಉಳಿದನು. 1873ರ ನವೆಂಬರ್ 22ರಂದು ಅವರಿದ್ದ 'ವಿಲ್ ದ್ಯು ಹಾವ್ರ್' ಎಂಬ ಫ್ರೆಂಚ್ ಹಡಗು ಅಟ್ಲಾಂಟಿಕ್ ಸಾಗರದ ನಡುವೆ 'ಲಾಖ್ ಅರ್ನ್' ಎಂಬ ಹಾಯಿಹಡಗಿಗೆ ಡಿಕ್ಕಿ ಹೊಡೆದು, ಸುಮಾರು 12 ನಿಮಿಷಗಳಲ್ಲಿ ಮುಳುಗಿಹೋಯಿತು. ಸತ್ತವರು 226 ಮಂದಿ. ಆನಿ, ಮ್ಯಾಗಿ, ಬೆಸ್ಸಿ, ಟನೆಟ್ಟಾ, ನಾಲ್ವರೂ ಹೋದರು. ತಾಯಿಯೊಬ್ಬಳು ಬದುಕಿ, ವೇಲ್ಸ್ ದೇಶದ ಕಾರ್ಡಿಫ್ ಪಟ್ಟಣದಿಂದ ತಾನೊಬ್ಬಳೇ ಉಳಿದೆನೆಂದು ಗಂಡನಿಗೆ ತಂತಿ ಕಳುಹಿಸಿದಳು.

ಸ್ಪ್ಯಾಫರ್ಡನು ಹೆಂಡತಿಯನ್ನು ಕರೆತರಲು ಹಡಗನ್ನೇರಿದನು. ಮಕ್ಕಳು ಮುಳುಗಿದ ಸ್ಥಳದ ಬಳಿ ಬಂದಾಗ ಈ ಹಾಡು ಅವನ ಬಾಯಿಂದ ಹೊರಟಿತು ಎಂಬುದು ಪ್ರಸಿದ್ಧವಾದ ಕಥೆ. ಅವನ ಮಗಳು ಬರ್ಥಾ 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಹೀಗೆಯೇ ಹೇಳಿದೆ. ಕ್ರೌಂಚದ ಶೋಕವನ್ನು ಕಂಡೊಡನೆ ವಾಲ್ಮೀಕಿಯ ಬಾಯಿಂದ ಶ್ಲೋಕ ಹೊರಟುದನ್ನು ನಂಬಿದ ನಮಗೆ ಇದನ್ನು ಒಪ್ಪುವುದು ಕಷ್ಟವಲ್ಲ. ಆದರೆ ಇನ್ನೊಂದು ಸಾಕ್ಷ್ಯವುಂಟು. ಆ ಕಾಲದ ಹೆಸರಾಂತ ಗಾಯಕ ಐರಾ ಸ್ಯಾಂಕಿಯು, 1876ರಲ್ಲಿ ತಾನು ಸ್ಪ್ಯಾಫರ್ಡನ ಮನೆಯಲ್ಲಿ ಅತಿಥಿಯಾಗಿದ್ದಾಗ ಆತನು ಮಕ್ಕಳ ನೆನಪಿಗಾಗಿ ಇದನ್ನು ಬರೆದನೆಂದು ಹೇಳುತ್ತಾನೆ. ಉಳಿದುಬಂದಿರುವ ಕೈಬರಹದ ಹಾಳೆಯೂ ಹಡಗಿನದಲ್ಲ. ಚಿಕಾಗೋ ನಗರದ ಒಂದು ಹೋಟೆಲಿನ ಹೆಸರು ಅಚ್ಚಾಗಿರುವ ಕಾಗದ.

ಈ ಎರಡನೆಯ ಕಥೆಯಿಂದ ಹಾಡಿನ ಬೆಲೆ ಕುಗ್ಗುವುದೆ? ಇಲ್ಲವೆಂದೇ ನಾವು ಎಣಿಸುತ್ತೇವೆ. ಮಕ್ಕಳ ಸಮಾಧಿಯಾದ ನೀರನ್ನು ನೋಡುತ್ತ ತಂದೆಯೊಬ್ಬನು ಅಂದೇ 'ಕ್ಷೇಮ' ಎಂದನೆಂದರೆ ನಾವು ಬೆರಗಾಗುತ್ತೇವೆ; ಆದರೆ ಅವನು ನಮ್ಮಿಂದ ದೂರದವನಾಗುತ್ತಾನೆ. ಅದೇ ಮಾತಿಗೆ ಅವನು ಮೂರು ವರ್ಷ ಕಾದನೆಂದರೆ ಅವನು ನಮ್ಮವನೇ. ಆ ವರ್ಷಗಳಲ್ಲಿ ಬರಿದಾದ ಮನೆಯಲ್ಲಿ ಗಂಡ ಹೆಂಡಿರು ಎಷ್ಟು ರಾತ್ರಿಗಳನ್ನು ಕಳೆದಿರಬೇಕು! ಹಾಡಿನಲ್ಲಿ ಹಡಗಿನ ಹೆಸರಿಲ್ಲ, ಮಕ್ಕಳ ಹೆಸರಿಲ್ಲ. ಮೊದಲ ಚರಣದಲ್ಲಿ ಶಾಂತಿಗೆ ನದಿಯೂ ದುಃಖಕ್ಕೆ ಕಡಲ ತೆರೆಯೂ ಹೋಲಿಕೆಯಾಗಿ ಬಂದಿವೆ; ಅಷ್ಟರಲ್ಲಿಯೇ ಎಲ್ಲವೂ ಅಡಗಿದೆ. ಮುಂದಿನ ಚರಣಗಳು ಪಾಪ, ಶಿಲುಬೆ, ಪ್ರಭುವಿನ ಪುನರಾಗಮನ ಇವುಗಳ ಕಡೆಗೆ ತಿರುಗುತ್ತವೆ.

ಕೈಬರಹಕ್ಕೂ ಅಚ್ಚಿಗೂ ಒಂದು ಮಾತಿನ ವ್ಯತ್ಯಾಸವುಂಟು. ಕ್ಷೇಮವೆಂದು 'ಅರಿಯುವುದನ್ನು' ದೇವರು ಕಲಿಸಿದನೆಂದು ಕೈಬರಹದಲ್ಲಿದೆ; ಅಚ್ಚಿನಲ್ಲಿ ಅದು 'ಹೇಳುವುದನ್ನು' ಎಂದಾಗಿದೆ. ಅರಿಯುವುದು ದೊಡ್ಡದು, ಆದರೆ ಹೇಳುವುದು ಎಲ್ಲರ ಕೈಗೂ ಎಟಕುವಂಥದು. ಮನಸ್ಸು ಇನ್ನೂ ಅರಿಯದುದನ್ನು ನಾಲಗೆ ಮೊದಲು ಹೇಳಿದರೆ, ಮನಸ್ಸು ಮೆಲ್ಲಗೆ ಅದರ ಹಿಂದೆ ಬರಬಹುದು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಶೂನೇಮಿನ ಒಬ್ಬ ಹೆಂಗಸಿನ ಕಥೆಯಿದೆ. ಮಗನು ತೊಡೆಯ ಮೇಲೆ ಸತ್ತಮೇಲೆ ಆಕೆ ಪ್ರವಾದಿಯ ಬಳಿಗೆ ಹೋಗುತ್ತಾಳೆ. ಎದುರು ಬಂದ ಸೇವಕನು ಮಗು ಕ್ಷೇಮವೇ ಎಂದು ಕೇಳಿದರೆ 'ಕ್ಷೇಮ' ಎನ್ನುತ್ತಾಳೆ. ಪ್ರವಾದಿಯನ್ನು ಕಂಡೊಡನೆ ಕಾಲು ಹಿಡಿದು ಅಳಲನ್ನು ತೋಡಿಕೊಳ್ಳುತ್ತಾಳೆ. ಇಂಗ್ಲಿಷ್ ಬೈಬಲಿನಲ್ಲಿ ಆಕೆಯ ಉತ್ತರವೂ ಈ ಹಾಡಿನ ಪಲ್ಲವಿಯ ಮೊದಲ ಮಾತುಗಳೂ ಒಂದೇ. ಆಕೆಗೆ ಮಗನು ಮರಳಿ ದೊರೆತನು; ಸ್ಪ್ಯಾಫರ್ಡನಿಗೆ ಮಕ್ಕಳು ದೊರೆಯಲಿಲ್ಲ.

ಬ್ಲಿಸ್ ಕಟ್ಟಿದ ಧಾಟಿಗೆ ಮುಳುಗಿದ ಹಡಗಿನ ಹೆಸರೇ ನಿಂತಿತು. ಪಲ್ಲವಿಯಲ್ಲಿ ಹೆಂಗಸರ ಕಂಠ ಮೊದಲು ನುಡಿದುದನ್ನು ಗಂಡಸರ ಕಂಠ ಕೆಳಗಿನ ಸ್ಥಾಯಿಯಲ್ಲಿ ಮತ್ತೆ ನುಡಿಯುತ್ತದೆ. ಒಬ್ಬರು ಹೇಳಿ, ಇನ್ನೊಬ್ಬರು ಹೌದೆನ್ನುವಂತಿದೆ ಅದರ ರಚನೆ. ಒಂಟಿಯಾಗಿ ಹೇಳಲಾರದವನೂ ಸಭೆಯೊಡನೆ ಹೇಳಬಲ್ಲನು. 1876ರಲ್ಲಿ ಹಾಡು ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್ 29ರಂದು ಒಹಾಯೋ ಪ್ರಾಂತದ ಆಷ್ಟಬ್ಯುಲಾ ಎಂಬಲ್ಲಿ ಸೇತುವೆ ಕುಸಿದು ರೈಲು ಬಿದ್ದಾಗ, 38 ವರ್ಷದ ಬ್ಲಿಸ್ಸನೂ ಅವನ ಹೆಂಡತಿಯೂ ಮಡಿದರು.

ಸ್ಪ್ಯಾಫರ್ಡನ ದುಃಖವೂ ಹಾಡಿನೊಡನೆ ಮುಗಿಯಲಿಲ್ಲ. ಅನಂತರ ಹುಟ್ಟಿದ ಗಂಡುಮಗು 1880ರಲ್ಲಿ ಜ್ವರದಿಂದ ತೀರಿಕೊಂಡಿತು. ಮರುವರ್ಷ ದಂಪತಿಗಳು ಕೆಲವು ಸಂಗಡಿಗರೊಡನೆ ಜೆರುಸಲೇಮಿಗೆ ಹೋಗಿ ನೆಲೆಸಿ, ಮತಭೇದವೆಣಿಸದೆ ಅಲ್ಲಿಯ ಬಡವರ ಸೇವೆಗೆ ನಿಂತರು. ಅವನು 1888ರಲ್ಲಿ ಅಲ್ಲಿಯೇ ಕಾಲವಾದನು. ಆನಾ 1923ರವರೆಗೆ ಬದುಕಿದ್ದಳು.

ಕ್ಷೇಮವೆಂದು ಒಮ್ಮೆ ಹೇಳಿದ ಮಾತ್ರಕ್ಕೆ ಕ್ಷೇಮವು ಮನೆಯಲ್ಲಿ ನೆಲೆಯಾಗಿ ನಿಲ್ಲುವುದಿಲ್ಲ. ಅದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಅದಕ್ಕಾಗಿಯೇ ಇರಬೇಕು, ಆ ಮಾತನ್ನು ಪಲ್ಲವಿಯಲ್ಲಿ ಇಟ್ಟಿರುವುದು.