ವಿದೇಶದ ಅಳಿಯ, ಮಗಳ ವೀಸಾ ಅರ್ಜಿ: ಲಾಯರ್ ಇಡಬೇಕೇ, ಬೇಡವೇ?

(ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗೆ ನೀಡಿದ ಮಾಹಿತಿಯ ಬರಹ ರೂಪ)



ಪ್ರತಿ ಸಭೆಯಲ್ಲೂ ನಾವು ಉಳಿತಾಯ, ಸಾಲ ಮರುಪಾವತಿ, ಬ್ಯಾಂಕ್ ಲಿಂಕೇಜ್, ಆರೋಗ್ಯ ಇವುಗಳ ಬಗ್ಗೆ ಮಾತಾಡ್ತೀವಿ. ಇವತ್ತಿನ ವಿಷಯ ಸ್ವಲ್ಪ ಬೇರೆ. ಈಗ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೂ ಓದಿದ್ದಾರೆ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯಾದಲ್ಲಿ ಕೆಲಸದಲ್ಲಿರುವ ಹುಡುಗರ ಸಂಬಂಧಗಳು ಬರುತ್ತವೆ. ಮದುವೆ ಆಗುತ್ತೆ. ಹುಡುಗ ಎರಡು ಮೂರು ವಾರದ ರಜೆ ಮುಗಿಸಿ ವಾಪಸ್ ಹೋಗ್ತಾನೆ. ಹುಡುಗಿ ತವರಿನಲ್ಲಿ ವೀಸಾಕ್ಕೆ ಕಾಯುತ್ತಾ ಕೂರ್ತಾಳೆ. ಆಗ ಒಂದು ಮಾತು ಬರುತ್ತೆ: "ಲಾಯರ್ ಇಡಬೇಕಂತೆ, ದುಡ್ಡು ಬೇಕು."

ಆ ದುಡ್ಡಿಗೆ ಅಟ್ಟದ ಮೇಲಿನ ಕೊಬ್ಬರಿ ಲೆಕ್ಕಕ್ಕೆ ಬರುತ್ತೆ, ಒಡವೆ ಗಿರವಿಗೆ ಹೋಗುತ್ತೆ, ಕೊನೆಗೆ ಸಂಘದ ಸಾಲದ ಅರ್ಜಿಯೂ ಬರುತ್ತೆ. ಅದಕ್ಕೇ ಈ ವಿಷಯ ಇಲ್ಲಿ ಮಾತಾಡಬೇಕು ಅನ್ನಿಸಿತು. ಲಾಯರ್ ಬೇಕೋ ಬೇಡವೋ ಅನ್ನೋದನ್ನು ಬೇರೆಯವರ ಬಾಯಿಮಾತಿನ ಮೇಲೆ ತೀರ್ಮಾನ ಮಾಡಬಾರದು. ಅರ್ಜಿ ಹೇಗೆ ನಡೆಯುತ್ತೆ ಅಂತ ತಿಳಿದು ತೀರ್ಮಾನ ಮಾಡಬೇಕು.

ಮೊದಲು ಕೇಳಬೇಕಾದ್ದು: ಅಳಿಯ ಅಲ್ಲಿ ಏನಾಗಿದ್ದಾನೆ?

"ಅಮೆರಿಕದಲ್ಲಿ ಇದ್ದಾನೆ" ಅಂದರೆ ಸಾಲದು. ಅಮೆರಿಕದ್ದನ್ನೇ ಉದಾಹರಣೆಗೆ ತಗೊಳ್ಳೋಣ. ಅಲ್ಲಿರುವ ನಮ್ಮವರು ಸಾಮಾನ್ಯವಾಗಿ ಮೂರು ರೀತಿ ಇರ್ತಾರೆ.

ಒಂದು, ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿ ಇರುವವರು. ಇವರ ಹೆಂಡತಿಗೆ ಸಿಗೋದು ಎಚ್-4 ವೀಸಾ. ಇದು ತಾತ್ಕಾಲಿಕ. ಗಂಡನ ಕೆಲಸ ಇರುವವರೆಗೆ, ಮದುವೆ ಇರುವವರೆಗೆ ಮಾತ್ರ. ಇದರಲ್ಲಿ ಹೆಂಡತಿ ಸುಮ್ಮನೆ ಕೆಲಸಕ್ಕೆ ಹೋಗುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಕೆಲಸದ ಅನುಮತಿ ಕೇಳಬಹುದು. ಈ ಅವಕಾಶ 2015ರಲ್ಲಿ ಬಂತು.

ಎರಡು, ಗ್ರೀನ್ ಕಾರ್ಡ್ ಇರುವವರು, ಅಂದರೆ ಅಲ್ಲೇ ಕಾಯಂ ಇರಲು ಅನುಮತಿ ಪಡೆದವರು. ಇವರು ಹೆಂಡತಿಗಾಗಿ ಅರ್ಜಿ ಹಾಕಬಹುದು. ಆದರೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಇರೋದರಿಂದ ಸರದಿ ಕಾಯಬೇಕು.

ಮೂರು, ಅಮೆರಿಕದ ಪೌರತ್ವ ಪಡೆದವರು. ಇವರ ಹೆಂಡತಿಗೆ ಆ ಮಿತಿ ಇಲ್ಲ. ಆದರೂ ಕಾಗದಪತ್ರ ಮುಗಿಯಲು ಸಮಯ ಹಿಡಿಯುತ್ತೆ.

ಅಳಿಯ ಈ ಮೂರರಲ್ಲಿ ಯಾವುದು ಅಂತ ಮದುವೆಗೆ ಮುಂಚೆಯೇ ಕಾಗದ ನೋಡಿ ತಿಳ್ಕೊಳ್ಳಿ. ಕೇಳೋದಕ್ಕೆ ಸಂಕೋಚ ಬೇಡ. ತೋಟ ಕೊಳ್ಳುವಾಗ ಪಹಣಿ ನೋಡ್ತೀವಿ. ಮಗಳನ್ನು ಕೊಡುವಾಗ ವೀಸಾ ಕಾಗದ ನೋಡೋದು ತಪ್ಪಲ್ಲ.

ಅರ್ಜಿ ನಡೆಯುವ ದಾರಿ

ಎಚ್-4ಕ್ಕೆ ಒಂದು ಆನ್‌ಲೈನ್ ಅರ್ಜಿ, ಶುಲ್ಕ, ಮದುವೆ ದಾಖಲೆ, ಗಂಡನ ಕೆಲಸದ ಕಾಗದ, ಸಂದರ್ಶನ. ಇಷ್ಟೇ ಇರೋದು. ಓದಿದ ಹುಡುಗಿ ತಾನೇ ತುಂಬಬಹುದು.

ಗ್ರೀನ್ ಕಾರ್ಡ್ ದಾರಿ ಉದ್ದ. ಮೊದಲು ಗಂಡ ಅಮೆರಿಕದಲ್ಲಿ ಐ-130 ಅನ್ನೋ ಅರ್ಜಿ ಹಾಕಬೇಕು. ಅದು ಒಪ್ಪಿಗೆಯಾದ ಮೇಲೆ ಹೆಂಡತಿ ತನ್ನ ವಿವರದ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಗಂಡ ಐ-864 ಅನ್ನೋ ಫಾರಂನಲ್ಲಿ "ಇವಳನ್ನು ನಾನು ಸಾಕುತ್ತೇನೆ" ಅಂತ ಬರೆದುಕೊಡಬೇಕು, ವರಮಾನದ ದಾಖಲೆ ಕೊಡಬೇಕು. ಆಮೇಲೆ ವೈದ್ಯಕೀಯ ತಪಾಸಣೆ, ಮುಂಬೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸಂದರ್ಶನ.

ಖರ್ಚು ನೋಡೋಣ. 2024ರ ಏಪ್ರಿಲ್‌ನಲ್ಲಿ ಬಂದ ದರದ ಪ್ರಕಾರ ಐ-130ಕ್ಕೆ ಕಾಗದದಲ್ಲಿ ಹಾಕಿದರೆ 675 ಡಾಲರ್, ಆನ್‌ಲೈನ್ ಆದರೆ 625. ವೀಸಾ ಅರ್ಜಿಗೆ 325, ಐ-864 ಪರಿಶೀಲನೆಗೆ 120, ವೀಸಾ ಸಿಕ್ಕ ಮೇಲೆ ಕಾರ್ಡ್‌ಗೆ 235. ಒಟ್ಟು 1,355 ಡಾಲರ್. ಡಾಲರ್‌ಗೆ 90 ರೂಪಾಯಿ ಅಂತ ಹಿಡಿದರೆ ಸುಮಾರು 1 ಲಕ್ಷ 22 ಸಾವಿರ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಅಂದರೆ ಹತ್ತು ಕ್ವಿಂಟಲ್ ಕೊಬ್ಬರಿ! ಇದು ಬರೀ ಸರ್ಕಾರಿ ಶುಲ್ಕ. ತಪಾಸಣೆ, ಮುಂಬೈ ಪ್ರಯಾಣ ಬೇರೆ. ಲಾಯರ್ ಫೀಸೂ ಬೇರೆ, ಅದು ಎಷ್ಟೋ ಸಲ ಸರ್ಕಾರಿ ಶುಲ್ಕವನ್ನೇ ಮೀರುತ್ತೆ. ದರಗಳು ಬದಲಾಗುತ್ತಾ ಇರ್ತವೆ. ಕಟ್ಟುವ ಮುಂಚೆ ಆ ದೇಶದ ಸರ್ಕಾರದ ವೆಬ್‌ಸೈಟ್‌ನಲ್ಲೇ ನೋಡಿ. ಅಮೆರಿಕದ್ದಾದರೆ ವಿಳಾಸದ ಕೊನೆಯಲ್ಲಿ 'ಡಾಟ್ ಗವ್' ಅಂತ ಇರಬೇಕು.

ಲಾಯರ್ ಮಾಡಲಾಗದ ಕೆಲಸ

"ಲಾಯರ್ ಇಟ್ಟರೆ ಬೇಗ ಆಗುತ್ತೆ" ಅಂತಾರೆ. ಇದು ನಿಜ ಅಲ್ಲ. ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ಕೊಬ್ಬರಿ ಆಗೋಕೆ ಹತ್ತು ಹನ್ನೆರಡು ತಿಂಗಳು ಬೇಕು. ಆಳು ಹೆಚ್ಚು ಇಟ್ಟರೆ ಬೇಗ ಒಣಗುತ್ತಾ? ಹಾಗೇ ಇದೂ. ಸರದಿ ಎಲ್ಲರಿಗೂ ಒಂದೇ. ಕಾಗದ ತಪ್ಪಿಲ್ಲದೆ ಇದ್ದರೆ ಮಧ್ಯದಲ್ಲಿ ನಿಲ್ಲೋದಿಲ್ಲ, ಅಷ್ಟೇ ಲಾಭ. "ಗ್ಯಾರಂಟಿ ವೀಸಾ ಕೊಡಿಸ್ತೀನಿ" ಅಂದವರ ಹತ್ತಿರ ಒಂದು ರೂಪಾಯಿಯನ್ನೂ ಕೊಡಬೇಡಿ. ಮುಂಬೈನಲ್ಲಿ ಕಿಟಕಿಯ ಮುಂದೆ ನಿಂತು ಉತ್ತರ ಹೇಳಬೇಕಾದವಳು ನಿಮ್ಮ ಮಗಳೇ, ಲಾಯರ್ ಅಲ್ಲ.

ಊರಲ್ಲೇ ಮುಗಿಸಿಕೊಳ್ಳಬೇಕಾದ ಕಾಗದಗಳು

ಅರ್ಜಿಗಳು ನಿಲ್ಲೋದು ಎಷ್ಟೋ ಸಲ ದೊಡ್ಡ ಕಾನೂನಿನ ತೊಡಕಿನಿಂದ ಅಲ್ಲ, ನಮ್ಮ ಮನೆಯ ಕಾಗದಗಳಿಂದ.

ಮದುವೆ ನೋಂದಣಿ: ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ಸಾಲದು. ಹಿಂದೂ ವಿವಾಹ ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಚರ್ಚ್‌ನಲ್ಲಿ ಆದ ಮದುವೆಗೆ ಅಲ್ಲಿನ ರಿಜಿಸ್ಟರ್‌ನಿಂದ ಕಾನೂನುಬದ್ಧ ಪ್ರಮಾಣಪತ್ರ ತಗೊಳ್ಳಿ. ಹುಡುಗ ವಾಪಸ್ ವಿಮಾನ ಹತ್ತುವ ಮುಂಚೆಯೇ ಇದು ಮುಗಿಯಲಿ. ಎಲ್ಲ ಮದುವೆಗಳ ನೋಂದಣಿ ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ಜನನ ಪ್ರಮಾಣಪತ್ರ: ಮನೆಯಲ್ಲೇ ಹೆರಿಗೆ ಆದ ಮಕ್ಕಳದ್ದು ಎಷ್ಟೋ ಕಡೆ ಬರೆಸಿಯೇ ಇರಲ್ಲ. ಬರೆಸಿದ್ದರೂ ಹೆಸರಿನ ಜಾಗ ಖಾಲಿ ಇರುತ್ತೆ. ಒಂದು ವರ್ಷ ದಾಟಿದ ಜನನ ನೋಂದಣಿಗೆ ಆದೇಶ ಬೇಕು. 2023ರ ತಿದ್ದುಪಡಿಯ ಪ್ರಕಾರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅವರಿಗೆ ಇದೆ. ನಮ್ಮ ಮೂರೂ ತಾಲ್ಲೂಕುಗಳು ತಿಪಟೂರು ಉಪವಿಭಾಗಕ್ಕೆ ಸೇರುತ್ತವೆ.

ಹೆಸರು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಒಂದು, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು. ನಮಗೆ ಒಬ್ಬಳೇ ಹುಡುಗಿ, ಅಲ್ಲಿನವರಿಗೆ ಮೂವರು! ಇದನ್ನು ಮೊದಲೇ ಸರಿ ಮಾಡಿಸಿ.

ಅನುವಾದ: ಕನ್ನಡದಲ್ಲಿ ಮಾತ್ರ ಇರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ಅಮೆರಿಕದ ಅರ್ಜಿಗೆ ಇದನ್ನು ಲಾಯರೇ ಮಾಡಬೇಕು ಅಂತಿಲ್ಲ. ಎರಡೂ ಭಾಷೆ ಚೆನ್ನಾಗಿ ಬಲ್ಲವರು "ಇದು ಸರಿಯಾದ ಅನುವಾದ" ಅಂತ ಬರೆದು ಸಹಿ ಹಾಕಿದರೆ ನಡೆಯುತ್ತೆ.

ಈ ಕೆಲಸಗಳಿಗೆ ಅಮೆರಿಕದ ಲಾಯರ್ ಬೇಡ. ತೊಡಕಾದರೆ ನಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಗೆ ಹೋಗಿ. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತೆ. ಸಹಾಯವಾಣಿ 15100.

ಹಾಗಾದರೆ ಲಾಯರ್ ಯಾವಾಗ ಬೇಕು?

ಇಬ್ಬರಿಗೂ ಮೊದಲ ಮದುವೆ, ಕಾಗದ ಸರಿ ಇವೆ, ಗಂಡನಿಗೆ ಸಾಕಷ್ಟು ವರಮಾನ ಇದೆ, ಹಿಂದೆ ವೀಸಾ ತಿರಸ್ಕಾರ ಆಗಿಲ್ಲ, ಪೊಲೀಸ್ ಕೇಸ್ ಇಲ್ಲ ಅಂದರೆ ಗಂಡ ಹೆಂಡತಿ ತಾವೇ ಅರ್ಜಿ ಹಾಕಬಹುದು. ಕಾನೂನು ಲಾಯರ್ ಇಡಲೇಬೇಕು ಅಂತ ಎಲ್ಲೂ ಹೇಳಿಲ್ಲ.

ಆದರೆ ಕೆಳಗಿನ ಯಾವುದೇ ಒಂದು ಇದ್ದರೂ ಲಾಯರ್ ಸಲಹೆ ಇಲ್ಲದೆ ಮುಂದೆ ಹೋಗಬೇಡಿ:

1. ಇಬ್ಬರಲ್ಲಿ ಒಬ್ಬರಿಗೆ ಹಿಂದೆ ಮದುವೆ ಆಗಿ ವಿಚ್ಛೇದನ ಆಗಿದ್ದರೆ, ಅದರಲ್ಲೂ ವಿದೇಶದ ಕೋರ್ಟಿನಲ್ಲಿ ಆಗಿದ್ದರೆ. ವಿದೇಶದ ವಿಚ್ಛೇದನ ಎಲ್ಲವೂ ಇಲ್ಲಿ ಊರ್ಜಿತ ಆಗಲ್ಲ ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪು ಕೊಟ್ಟಿದೆ.
2. ಯಾರಾದರೂ ವೀಸಾ ಅವಧಿ ಮೀರಿ ಅಲ್ಲಿ ಉಳಿದಿದ್ದರೆ. 180 ದಿನ ದಾಟಿ ಉಳಿದು ಹೊರಬಂದರೆ 3 ವರ್ಷ, ಒಂದು ವರ್ಷ ದಾಟಿದರೆ 10 ವರ್ಷ ಪ್ರವೇಶ ತಡೆಯಾಗುತ್ತೆ.
3. ಹಿಂದಿನ ಅರ್ಜಿಯಲ್ಲಿ ಸುಳ್ಳು ಬರೆದಿದ್ದರೆ. ಏಜೆಂಟ್ ಬರೆದದ್ದಾದರೂ ಸಹಿ ನಮ್ಮದೇ ಅಲ್ಲವಾ? ಇದಕ್ಕೆ ಶಾಶ್ವತ ತಡೆಯೇ ಆಗಬಹುದು.
4. ಯಾವುದೇ ಕ್ರಿಮಿನಲ್ ಕೇಸ್ ಇದ್ದರೆ.
5. ಮೊದಲ ಮದುವೆಯ ಮಗುವನ್ನೂ ಕರೆದೊಯ್ಯಬೇಕಾಗಿದ್ದರೆ.
6. ಅರ್ಜಿ ತಿರಸ್ಕಾರ ಆಗಿದ್ದರೆ, ಅಥವಾ ಹೆಚ್ಚಿನ ದಾಖಲೆ ಕೇಳಿ ಬಂದ ಪತ್ರ ಅರ್ಥ ಆಗದಿದ್ದರೆ.
7. ಮನೆಯಲ್ಲಿ ಹಿಂಸೆ ಇದ್ದರೆ.

ಇವೆರಡರ ಮಧ್ಯೆ ಇನ್ನೊಂದು ದಾರಿ ಇದೆ. ಪೂರ್ತಿ ಕೇಸ್ ಒಪ್ಪಿಸದೆ ಒಂದು ಗಂಟೆಯ ಸಲಹೆಗೆ ಮಾತ್ರ ಫೀಸ್ ಕೊಟ್ಟು, ತುಂಬಿದ ಅರ್ಜಿಯನ್ನು ತೋರಿಸಿ ಕೇಳೋದು. ಸಣ್ಣ ಅನುಮಾನಕ್ಕೆ ಇಷ್ಟು ಸಾಕು.

ಯಾರು ಲಾಯರ್, ಯಾರು ದಲ್ಲಾಳಿ?

ಅಮೆರಿಕದ ಅರ್ಜಿಗೆ ಕಾನೂನು ಸಲಹೆ ಕೊಡಬಲ್ಲವರು ಅಲ್ಲಿನ ಯಾವುದಾದರೂ ರಾಜ್ಯದ ಬಾರ್‌ನಲ್ಲಿ ಲೈಸೆನ್ಸ್ ಇರುವ ವಕೀಲರು, ಅಥವಾ ಅಲ್ಲಿನ ನ್ಯಾಯ ಇಲಾಖೆ ಮಾನ್ಯ ಮಾಡಿದ ಸಂಸ್ಥೆಗಳ ಪ್ರತಿನಿಧಿಗಳು. ವಕೀಲರ ಹೆಸರನ್ನು ಆ ರಾಜ್ಯದ ಬಾರ್ ವೆಬ್‌ಸೈಟ್‌ನಲ್ಲಿ ಹುಡುಕಿ ನೋಡಬಹುದು. 'ಕನ್ಸಲ್ಟೆಂಟ್' ಅಂತ ಬೋರ್ಡ್ ಹಾಕಿದವರೆಲ್ಲ ಲಾಯರ್ ಅಲ್ಲ. ಆಸ್ಟ್ರೇಲಿಯಾ, ಕೆನಡಾಗಳಲ್ಲಿ ನೋಂದಾಯಿತ ಏಜೆಂಟರೂ ಸಲಹೆ ಕೊಡಬಹುದು, ಆದರೆ ನೋಂದಣಿ ಸಂಖ್ಯೆ ಕೇಳಿ ನೋಡಿ.

ಹಣ ಕೊಡುವ ಮುಂಚೆ ಇಷ್ಟು ಕೇಳಿ: ಒಟ್ಟು ಫೀಸ್ ಎಷ್ಟು? ಅದರಲ್ಲಿ ಯಾವ ಯಾವ ಕೆಲಸ ಸೇರಿದೆ? ಸರ್ಕಾರಿ ಶುಲ್ಕ ಒಳಗೋ ಹೊರಗೋ? ತಿರಸ್ಕಾರ ಆದರೆ ಮುಂದೇನು? ಉತ್ತರ ಬರವಣಿಗೆಯಲ್ಲಿ ಇರಲಿ, ರಸೀದಿ ಇರಲಿ.

ಅದು ಯಾರ ಲಾಯರ್?

ಅಕ್ಕತಂಗಿಯರೇ, ಇದು ಬಹಳ ಮುಖ್ಯ. ಹೆಚ್ಚಿನ ಸಲ ಲಾಯರ್ ಇಡೋದು ಗಂಡ. ಹೆಂಡತಿ ಇಲ್ಲಿ ಕೂತು, ಕಳಿಸಿದ ಕಾಗದಕ್ಕೆ ಸಹಿ ಹಾಕ್ತಾಳೆ. "ನಾವು ನೋಡ್ಕೋತೀವಿ, ನೀನು ಸಹಿ ಹಾಕು" ಅಂತಾರೆ. ಹಾಗೆ ಆಗಬಾರದು. ಓದದೆ ಸಹಿ ಬೇಡ. ಅರ್ಜಿಯ ಪ್ರತಿ, ರಸೀದಿ ಸಂಖ್ಯೆ ಮಗಳ ಹತ್ತಿರ ಇರಬೇಕು. ಆ ಸಂಖ್ಯೆ ಇದ್ದರೆ ಅರ್ಜಿ ಎಲ್ಲಿದೆ ಅಂತ ಅವಳೇ ನೋಡಬಹುದು. ನಿಜವಾಗಿ ಅರ್ಜಿ ಹಾಕಿದ್ದಾರೋ ಇಲ್ಲವೋ ಅನ್ನೋದೂ ಆಗಲೇ ಗೊತ್ತಾಗೋದು. ಪಾಸ್‌ಪೋರ್ಟ್ ಯಾವಾಗಲೂ ಅವಳ ಕೈಯಲ್ಲೇ ಇರಲಿ.

ಐ-864ರಲ್ಲಿ ಗಂಡ ಕೊಟ್ಟ ಮಾತು ಬರೀ ಬಾಯಿಮಾತಲ್ಲ. ವಿಚ್ಛೇದನ ಆದರೂ ಆ ಹೊಣೆ ತಾನಾಗಿ ಮುಗಿಯಲ್ಲ. ಅದರ ಪ್ರತಿಯೂ ಅವಳ ಹತ್ತಿರ ಇರಲಿ.

ಅಮೆರಿಕಕ್ಕೆ ಕಾಲಿಟ್ಟ ದಿನಕ್ಕೆ ಮದುವೆಯಾಗಿ ಎರಡು ವರ್ಷ ಆಗಿರದಿದ್ದರೆ ಸಿಗೋದು ಎರಡು ವರ್ಷದ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದಲ್ಲಿ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಬೇಕು. "ನಾನು ಸಹಿ ಹಾಕಲ್ಲ, ವಾಪಸ್ ಕಳಿಸ್ತೀನಿ" ಅಂತ ಹೆದರಿಸುವವರು ಇದ್ದಾರೆ. ಮದುವೆ ಮುರಿದಿದ್ದರೆ, ಹಿಂಸೆ ಇದ್ದರೆ ಹೆಂಡತಿ ಒಬ್ಬಳೇ ಅರ್ಜಿ ಹಾಕಲು ಅಲ್ಲಿನ ಕಾನೂನಿನಲ್ಲಿ ಅವಕಾಶ ಇದೆ. ಗಂಡ ಪೌರ ಅಥವಾ ಗ್ರೀನ್ ಕಾರ್ಡ್ ಇರುವವನಾಗಿದ್ದು ಹಿಂಸೆ ಕೊಟ್ಟರೆ ಅವನಿಗೆ ತಿಳಿಸದೆಯೇ ಹೆಂಡತಿ ಅರ್ಜಿ ಹಾಕಬಹುದು. ಇದು 1994ರ ಕಾನೂನು. ಎಚ್-1ಬಿ ಗಂಡನ ಹೆಂಡತಿಗೆ ಈ ದಾರಿ ಇಲ್ಲ, ಅವಳಿಗೆ ಬೇರೆ ದಾರಿ ಹುಡುಕಬೇಕು. ಇಂಥ ಹೊತ್ತಿನಲ್ಲಿ ಗಂಡ ಇಟ್ಟ ಲಾಯರ್ ಬೇಡ, ಅವಳದೇ ಲಾಯರ್ ಬೇಕು. ದುಡ್ಡು ಕೂಡಿಸಿ ಇಡುವುದಾದರೆ ಈ ದಿನಕ್ಕೆ ಇಡಿ.

ಇಲ್ಲಿಂದ ದೂರು ಕೊಡಲು ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಘಟಕ ಇದೆ. ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್ ಇದೆ. ಕಿರುಕುಳ ತಾಳದೆ ತವರಿಗೆ ಬಂದ ಹೆಣ್ಣುಮಗಳು ತವರಿನ ಊರಲ್ಲೇ ಕೇಸ್ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಸಂಘದಲ್ಲಿ ಸಾಲದ ಅರ್ಜಿ ಬಂದಾಗ

"ವೀಸಾ ಲಾಯರ್ ಫೀಸ್ ನೀವೇ ಕೊಡಿ" ಅಂತ ಗಂಡಿನ ಕಡೆಯವರು ಒತ್ತಾಯ ಮಾಡಿದರೆ ಅದನ್ನು ಖರ್ಚು ಅಂತ ಬರೆಯಬೇಡಿ. ಮದುವೆ ಸಂಬಂಧ ಕೇಳುವ ಹಣಕ್ಕೆ 1961ರ ಕಾಯ್ದೆಯಲ್ಲಿ ಬೇರೆ ಹೆಸರಿದೆ: ವರದಕ್ಷಿಣೆ. ಅದು ಮದುವೆಗೆ ಮುಂಚೆ ಕೇಳಿದರೂ ಅಷ್ಟೇ, ಮದುವೆ ಆದ ಮೇಲೆ ಕೇಳಿದರೂ ಅಷ್ಟೇ.

ಆದ್ದರಿಂದ ಇಂಥ ಸಾಲದ ಅರ್ಜಿ ಬಂದಾಗ ಠರಾವು ಬರೆಯುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಅಳಿಯನ ವೀಸಾ ಯಾವುದು? ಮದುವೆ ನೋಂದಣಿ ಆಗಿದೆಯಾ? ಲಾಯರ್ ಬೇಕಾಗಿರೋದು ಯಾವ ಕಾರಣಕ್ಕೆ? ಹಣ ಯಾರು ಕೇಳ್ತಿದ್ದಾರೆ? ಇದು ಸದಸ್ಯೆಯನ್ನು ಅವಮಾನ ಮಾಡೋದಲ್ಲ, ಅವಳ ಜೊತೆ ನಿಲ್ಲೋದು. ನಾಲ್ಕಕ್ಕೂ ಸರಿಯಾದ ಉತ್ತರ ಇದ್ದರೆ ಸಾಲ ಕೊಡಿ, ಧೈರ್ಯವಾಗಿ ಕೊಡಿ.

ಮುಂದಿನ ವಾರದ ಸಭೆಗೆ ಒಂದು ಕೆಲಸ. ಪ್ರತಿ ಮನೆಯಲ್ಲಿ ಮಗಳ ಜನನ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಮೂರನ್ನೂ ಒಟ್ಟಿಗೆ ಇಟ್ಟು ಹೆಸರು ಒಂದೇ ರೀತಿ ಇದೆಯಾ ನೋಡಿ ಬನ್ನಿ. ಮದುವೆ ಗೊತ್ತಾಗಿರಲಿ, ಆಗದಿರಲಿ, ಅವಳು ವಿದೇಶಕ್ಕೆ ಹೋಗಲಿ, ತಿಪಟೂರಲ್ಲೇ ಕೆಲಸಕ್ಕೆ ಸೇರಲಿ, ಆ ಕಾಗದಗಳು ಬೇಕೇ ಬೇಕು. ವ್ಯತ್ಯಾಸ ಇದ್ದವರು ಸಭೆಗೆ ತನ್ನಿ, ಎಲ್ಲಿ ಸರಿ ಮಾಡಿಸಬೇಕು ಅಂತ ಕೂತು ಮಾತಾಡೋಣ.